ಆಕಾಶಕ್ಕೆ ಕಿವಿಗೊಟ್ಟ ಕಾಲೇಜುಗಳು

ದೂರದರ್ಶನ ಒಂದೇ ಇದ್ದ ಕಾಲವನ್ನು ಕಂಡವರಿಗೆ ಈ ದೃಶ್ಯ ನೆನಪಿರುತ್ತದೆ. ಮನೆಯ ಮಾಡಿನ ಮೇಲೆ ಅಣ್ಣನೋ ಮಾವನೋ ಹತ್ತಿ ನಿಂತು ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾವನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಕೆಳಗೆ ಟಿ.ವಿ. ಮುಂದೆ ಕುಳಿತವರು "ಬಂತು, ಬಂತು... ಹೋಯ್ತು, ಸ್ವಲ್ಪ ಎಡಕ್ಕೆ" ಎಂದು ಕೂಗುತ್ತಿದ್ದರು. ಸರಿಯಾದ ದಿಕ್ಕು ಸಿಕ್ಕಿದ ಮೇಲೆ ಆಂಟೆನಾವನ್ನು ತಂತಿಯಿಂದ ಬಿಗಿದು ಕಟ್ಟಿ ಇಳಿದು ಬಂದರೆ ಮುಂದಿನ ಗಾಳಿ ಮಳೆಯವರೆಗೆ ಚಿಂತೆಯಿಲ್ಲ. ಏಕೆಂದರೆ ಟಿ.ವಿ. ಗೋಪುರ ನಿಂತಲ್ಲೇ ನಿಂತಿರುತ್ತದೆ.

ಆ ಗೋಪುರವೇ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡತೊಡಗಿದರೆ? ಮಾಡಿನ ಮೇಲಿನ ಅಣ್ಣ ಕ್ಷಣಕ್ಷಣವೂ ಆಂಟೆನಾ ತಿರುಗಿಸುತ್ತಲೇ ಇರಬೇಕು. ಹತ್ತು ಹನ್ನೆರಡು ನಿಮಿಷದಲ್ಲಿ ಗೋಪುರ ಕಣ್ಮರೆಯಾಗುತ್ತದೆ. ಮತ್ತೆ ಬರುವುದು ಸುಮಾರು ಒಂದೂವರೆ ಗಂಟೆಯ ನಂತರ, ಅದೂ ಬೇರೊಂದು ದಾರಿಯಲ್ಲಿ. ಕೆಳಕಕ್ಷೆಯ ಉಪಗ್ರಹದೊಡನೆ ಮಾತನಾಡುವ ಭೂಕೇಂದ್ರದ ಕೆಲಸ ಇಷ್ಟೇ, ಮತ್ತು ಇಷ್ಟು ಕಷ್ಟ. ಈ ಕೆಲಸವನ್ನು ಸರಕಾರಗಳೂ ಸೇನೆಗಳೂ ಮಾತ್ರ ಮಾಡಬಲ್ಲವು ಎಂದು ಜಗತ್ತು ನಂಬಿದ್ದ ಕಾಲವೊಂದಿತ್ತು. ಅದು ಕಾಲೇಜಿನ ಕೋಣೆಗೆ ಹೇಗೆ ಇಳಿದು ಬಂತು, ನಮ್ಮ ಬೆಂಗಳೂರಿಗೆ ಯಾವಾಗ ಬಂತು, ಅಲ್ಲಿಂದ ನಮ್ಮ ಹಳ್ಳಿಗಳಿಗೆ ಏಕೆ ಇನ್ನೂ ಬಂದಿಲ್ಲ ಎಂಬುದು ತಿಳಿಯಬೇಕಾದ ಚರಿತ್ರೆ.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಅನ್ನು ಹಾರಿಸಿತು. ಅದರ 'ಬೀಪ್ ಬೀಪ್' ಸದ್ದು 20 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಬರುತ್ತಿತ್ತು. ಸಾಮಾನ್ಯ ಶಾರ್ಟ್‌ವೇವ್ ರೇಡಿಯೋ ಇಟ್ಟುಕೊಂಡ ಹವ್ಯಾಸಿಗಳಿಗೂ ಅದು ಕೇಳಿಸಿತು. ಅಮೆರಿಕದ ಇಬ್ಬರು ವಿಜ್ಞಾನಿಗಳಾದ ಗೈಯರ್ ಮತ್ತು ವೈಫನ್‌ಬ್ಯಾಕ್ ಆ ಸದ್ದಿನ ಸ್ಥಾಯಿ ಏರಿ ಇಳಿಯುವುದನ್ನು ಗಮನಿಸಿ, ಅದರಿಂದಲೇ ಉಪಗ್ರಹದ ಹಾದಿಯನ್ನು ಲೆಕ್ಕ ಹಾಕಿದರು. ರೈಲು ನಮ್ಮತ್ತ ಬರುವಾಗ ಸೀಟಿ ಕೀರಲಾಗಿ, ದಾಟಿ ಹೋದ ಮೇಲೆ ದಪ್ಪವಾಗಿ ಕೇಳುತ್ತದಲ್ಲ, ಅದೇ ಡಾಪ್ಲರ್ ಪರಿಣಾಮ. ಗುಟ್ಟಾಗಿ ಹಾರಿಸಿದ ವಸ್ತು ತನ್ನ ದಾರಿಯನ್ನು ತಾನೇ ಸಾರಿ ಹೇಳುತ್ತಿತ್ತು. ಕಿವಿ ಇದ್ದವನಿಗೆ ಅದು ತಿಳಿಯುತ್ತಿತ್ತು.

ಕಿವಿ ಇದ್ದವರಲ್ಲಿ ಶಾಲೆಯ ಹುಡುಗರೂ ಇದ್ದರು. ಇಂಗ್ಲೆಂಡಿನ ಕೆಟರಿಂಗ್ ಗ್ರಾಮರ್ ಸ್ಕೂಲಿನ ಭೌತಶಾಸ್ತ್ರದ ಮೇಷ್ಟ್ರು ಜೆಫ್ರಿ ಪೆರ್ರಿ ತಮ್ಮ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಸೋವಿಯತ್ ಉಪಗ್ರಹಗಳ ಸದ್ದನ್ನು ದಿನವೂ ದಾಖಲಿಸುತ್ತಿದ್ದರು. 1966ರಲ್ಲಿ ಹಾರಿದ ಕೆಲವು ಉಪಗ್ರಹಗಳ ಹಾದಿ ಹಿಂದಿನವುಗಳಂತೆ ಇರಲಿಲ್ಲ. ಲೆಕ್ಕ ಹಾಕಿ ನೋಡಿದರೆ ಅವು ತಿಳಿದಿದ್ದ ಯಾವ ಉಡಾವಣಾ ನೆಲೆಯಿಂದಲೂ ಹೊರಟಿರಲಿಲ್ಲ. ಹೀಗೆ ಪ್ಲೆಸೆಟ್ಸ್ಕ್ ಎಂಬ ಗುಪ್ತ ನೆಲೆಯ ಸುದ್ದಿಯನ್ನು ಲೋಕಕ್ಕೆ ತಿಳಿಸಿದ್ದು ಒಂದು ಶಾಲೆ. ಅವರ ಬಳಿ ಇದ್ದದ್ದು ರೇಡಿಯೋ, ಗಡಿಯಾರ, ಕಾಗದ ಮತ್ತು ಬಿಡದೆ ಕೂರುವ ಅಭ್ಯಾಸ.

ಕೇಳುವುದಷ್ಟೇ ಅಲ್ಲ, ಹಾರಿಸುವುದರಲ್ಲೂ ಹವ್ಯಾಸಿಗಳು ಬೇಗನೆ ಕೈಹಾಕಿದರು. 1961ರ ಡಿಸೆಂಬರ್ 12ರಂದು ಅಮೆರಿಕದ ರಾಕೆಟ್ಟೊಂದರಲ್ಲಿ ತೂಕ ಸರಿದೂಗಿಸಲು ಇಡುತ್ತಿದ್ದ ಭಾರದ ಜಾಗದಲ್ಲಿ ಕುಳಿತು ಆಸ್ಕರ್-1 ಎಂಬ ಪುಟ್ಟ ಉಪಗ್ರಹ ಮೇಲೇರಿತು. ತೂಕ ಸುಮಾರು ನಾಲ್ಕೂವರೆ ಕಿಲೋ. ಅದು ಮೋರ್ಸ್ ಸಂಕೇತದಲ್ಲಿ 'ಹಾಯ್' ಎಂದಷ್ಟೇ ಹೇಳುತ್ತಿತ್ತು. ಮೂರು ವಾರಗಳ ಆಯುಷ್ಯದಲ್ಲಿ 28 ದೇಶಗಳ ಹವ್ಯಾಸಿಗಳು ಅದನ್ನು ಕೇಳಿ ವರದಿ ಕಳಿಸಿದರು. ಇಪ್ಪತ್ತು ವರ್ಷಗಳ ನಂತರ, 1981ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯ ಮಾರ್ಟಿನ್ ಸ್ವೀಟಿಂಗ್ ಅವರ ಮುಂದಾಳತ್ವದಲ್ಲಿ ಯುಒಸ್ಯಾಟ್-1 ಎಂಬ ಉಪಗ್ರಹವನ್ನು ಕಟ್ಟಿ ತನ್ನ ಆವರಣದಿಂದಲೇ ನಡೆಸತೊಡಗಿತು.

ಅಲ್ಲಿ ನಡೆದ ಒಂದು ಎಡವಟ್ಟು ಭೂಕೇಂದ್ರದ ಮಹತ್ವವನ್ನು ಚೆನ್ನಾಗಿ ಹೇಳುತ್ತದೆ. 1982ರಲ್ಲಿ ಆ ಉಪಗ್ರಹದ ಎರಡೂ ಪ್ರೇಷಕಗಳು ಒಟ್ಟಿಗೆ ಚಾಲೂ ಆಗಿಬಿಟ್ಟವು. ತನ್ನ ಸದ್ದಿನಿಂದ ತನಗೇ ಕಿವುಡಾದಂತೆ, ಕೆಳಗಿನಿಂದ ಕಳಿಸಿದ ಯಾವ ಆಜ್ಞೆಯೂ ಅದಕ್ಕೆ ಕೇಳಿಸದಾಯಿತು. ತಿಂಗಳುಗಳ ಕಾಲ ಹೀಗೇ ನಡೆಯಿತು. ಕೊನೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ 150 ಅಡಿ ಅಗಲದ ಭಾರಿ ಡಿಶ್ ಆಂಟೆನಾದಿಂದ ಗಟ್ಟಿಯಾಗಿ 'ಕೂಗಿದ' ಮೇಲೆ ಅದು ಎಚ್ಚೆತ್ತಿತು. ಆಮೇಲೆ 1989ರವರೆಗೆ ಕೆಲಸ ಮಾಡಿತು. ನಮ್ಮ ನೆಲದಿಂದ ಆಗದ್ದು ಇನ್ನೊಬ್ಬರ ನೆಲದಿಂದ ಆಗುತ್ತದೆ. ಆಕಾಶದ ವಿಷಯದಲ್ಲಿ ನೆರೆಹೊರೆ ಎಂಬುದು ಬಹಳ ದೊಡ್ಡದು.

ಈಗ ನಮ್ಮ ಊರಿಗೆ ಬರೋಣ. ಭಾರತದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ. ಮುಂದಾಳು ಉಡುಪಿ ಸಮೀಪದ ಅದಮಾರಿನ ಯು.ಆರ್. ರಾವ್. 360 ಕಿಲೋ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಮಾಹಿತಿ ಪಡೆಯಲು ಬೆಂಗಳೂರಿನಲ್ಲಿ ಒಂದು ಕೇಂದ್ರ ಬೇಕಾಗಿತ್ತು. ಜಾಗವಿರಲಿಲ್ಲ. ಒಂದು ಶೌಚಾಲಯವನ್ನೇ ಆ ಕೇಂದ್ರವನ್ನಾಗಿ ಮಾರ್ಪಡಿಸಿಕೊಂಡೆವು ಎಂಬ ಸಂಗತಿಯನ್ನು ರಾವ್ ಅವರೇ ಮುಂದೆ ನೆನೆಸಿಕೊಂಡಿದ್ದರು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಆರ್ಯಭಟದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಅದರ ಮಾತನ್ನು ಮೊದಲು ಕೇಳಿಸಿಕೊಂಡ ಕೋಣೆಗಳ ಕತೆ ಮಾತ್ರ ಯಾವ ನೋಟಿನ ಮೇಲೂ ಇಲ್ಲ.

ಅದೇ 1975ರ ಆಗಸ್ಟಿನಲ್ಲಿ 'ಸೈಟ್' ಎಂಬ ಪ್ರಯೋಗ ಶುರುವಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಒಂದು ವರ್ಷ ಟಿ.ವಿ. ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಅದು ಸಿಕ್ಕಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಕೋಳಿಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ಡಿಶ್ಶುಗಳು ಆ ಊರುಗಳಲ್ಲಿ ಎದ್ದು ನಿಂತವು. ವಿದ್ಯುತ್ತೂ ಸರಿಯಾಗಿ ತಲುಪದಿದ್ದ ನಾಡಿನಲ್ಲಿ ಉಪಗ್ರಹದ ಸಂಕೇತ ಹಿಡಿಯುವ ಉಪಕರಣ ಹಳ್ಳಿಯ ಶಾಲೆಯ ಅಂಗಳಕ್ಕೆ ಬಂದಿತ್ತು ಎಂಬುದನ್ನು ಮರೆಯಬಾರದು. ಆದರೆ ಒಂದು ವ್ಯತ್ಯಾಸ. ಎಟಿಎಸ್-6 ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿಯ ಜೊತೆಜೊತೆಗೇ ಸುತ್ತುವ ಕಕ್ಷೆಯಲ್ಲಿತ್ತು. ಡಿಶ್ಶನ್ನು ಒಮ್ಮೆ ತಿರುಗಿಸಿ ಬಿಟ್ಟರೆ ಸಾಕು. ಹಳ್ಳಿಗರು ಅಲ್ಲಿ ನೋಡುಗರಾಗಿದ್ದರು. ಕೆಳಕಕ್ಷೆಯ ಉಪಗ್ರಹವನ್ನು ಹಾಗೆ ಕುಳಿತು ನೋಡಲಾಗದು, ಹಿಂದೆಬಿದ್ದು ಹಿಡಿಯಬೇಕು.

ಹಿಡಿಯುವ ಕೆಲಸಕ್ಕಾಗಿ ಇಸ್ರೋ 1976ರಲ್ಲಿ ಇಸ್ಟ್ರಾಕ್ ಎಂಬ ಜಾಲವನ್ನು ಕಟ್ಟಿತು. ಅದರ ಮುಖ್ಯ ನೆಲೆಯೂ ಪೀಣ್ಯವೇ. ಲಖನೌ, ಪೋರ್ಟ್ ಬ್ಲೇರ್, ಮಾರಿಷಸ್, ಬ್ರೂನೈ ಮುಂತಾದೆಡೆ ಅದರ ಕೇಂದ್ರಗಳಿವೆ. ಒಂದು ಕಡೆ ಕಣ್ಮರೆಯಾದ ಉಪಗ್ರಹ ಇನ್ನೊಂದು ಕಡೆ ಸಿಗಬೇಕೆಂದೇ ಈ ವ್ಯವಸ್ಥೆ. ನಮ್ಮ ಬಿಡದಿ ಸೀಮೆಗೆ ಹತ್ತಿರದ ಬ್ಯಾಲಾಳುವಿನಲ್ಲಿ 18 ಮೀಟರ್ ಮತ್ತು 32 ಮೀಟರ್ ವ್ಯಾಸದ ಎರಡು ದೊಡ್ಡ ಆಂಟೆನಾಗಳು 2008ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದವು. ಅದೇ ತಿಂಗಳ 22ರಂದು ಹಾರಿದ ಚಂದ್ರಯಾನ-1ರ ಮಾತು ಅಲ್ಲಿಗೆ ಬಂದಿಳಿಯಿತು. ರಾಗಿ ಹೊಲಗಳ ನಡುವೆ ಚಂದ್ರನ ಜೊತೆ ಮಾತುಕತೆ. ಆದರೆ ಬೇಲಿಯ ಆಚೆ ನಿಂತ ನಮ್ಮ ಮಕ್ಕಳಿಗೆ ಅದು ದೂರದಿಂದ ಕಾಣುವ ಬಿಳಿಯ ಬಟ್ಟಲು, ಅಷ್ಟೆ.

ಬೇಲಿಯ ಈಚೆಗೆ ಆಕಾಶವನ್ನು ತಂದ ಮೊದಲ ಹೆಜ್ಜೆಗಳಲ್ಲಿ ಹ್ಯಾಮ್‌ಸ್ಯಾಟ್ ಒಂದು. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿದ 42.5 ಕಿಲೋ ತೂಕದ ಈ ಉಪಗ್ರಹವನ್ನು ಇಸ್ರೋ ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆಂದೇ ಮಾಡಿತ್ತು. ಅದರೊಳಗಿನ ಎರಡು ಮರುಪ್ರಸಾರಕಗಳಲ್ಲಿ ಒಂದನ್ನು ಮಾಡಿದವನು ನೆದರ್‌ಲ್ಯಾಂಡ್ಸ್‌ನ ಒಬ್ಬ ವಿದ್ಯಾರ್ಥಿ. ಯಾವ ದೇಶದ ಹವ್ಯಾಸಿಯಾದರೂ ಅದರ ಮೂಲಕ ಮಾತನಾಡಬಹುದಾಗಿತ್ತು. 2014ರ ಜುಲೈವರೆಗೆ ಅದು ದುಡಿಯಿತು. ಇಷ್ಟರಲ್ಲಿ ಅಮೆರಿಕದ ಇಬ್ಬರು ಪ್ರಾಧ್ಯಾಪಕರು, ಜೋರ್ಡಿ ಪ್ವಿಗ್ ಸ್ವಾರಿ ಮತ್ತು ಬಾಬ್ ಟ್ವಿಗ್ಸ್, 1999ರಲ್ಲಿ 'ಕ್ಯೂಬ್‌ಸ್ಯಾಟ್' ಎಂಬ ಅಳತೆಯನ್ನು ಮುಂದಿಟ್ಟಿದ್ದರು. ಹತ್ತು ಸೆಂಟಿಮೀಟರ್ ಉದ್ದಗಲ ಎತ್ತರದ ಪೆಟ್ಟಿಗೆ, ಸುಮಾರು ಒಂದು ಕಿಲೋ ತೂಕ. ವಿದ್ಯಾರ್ಥಿ ಓದು ಮುಗಿಸುವುದರೊಳಗೆ ಒಂದು ಉಪಗ್ರಹವನ್ನು ಕಟ್ಟಿ ಮುಗಿಸುವಂತಿರಬೇಕು ಎಂಬುದು ಅದರ ಹಿಂದಿನ ಆಲೋಚನೆ.

ಭಾರತದಲ್ಲಿ ವಿಶ್ವವಿದ್ಯಾಲಯವೊಂದು ಕಟ್ಟಿದ ಮೊದಲ ಉಪಗ್ರಹ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅನುಸ್ಯಾಟ್. ಅದು ಹಾರಿದ್ದು 2009ರ ಏಪ್ರಿಲ್ 20ರಂದು. ಮರುವರ್ಷ ಬೆಂಗಳೂರಿನ ಸರದಿ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಸ್ಟಡ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನು ಕಟ್ಟಿದರು. ತೂಕ ಒಂದು ಕಿಲೋಗಿಂತ ಕಡಿಮೆ. ಕೈಯಲ್ಲಿ ಹಿಡಿದರೆ ಒಂದು ಲೀಟರಿನ ಹಾಲಿನ ಪಾತ್ರೆಯಷ್ಟು. ಮುಂದಾಳತ್ವ ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ಕಾಲೇಜಿನದು. ಉಪಗ್ರಹದ ಜೊತೆಗೇ ಆ ಕಾಲೇಜಿನಲ್ಲಿ 'ನಾಸ್ಟ್ರಾಕ್' ಎಂಬ ಭೂಕೇಂದ್ರವೂ ಎದ್ದಿತು.

2010ರ ಜುಲೈ 12, ಸೋಮವಾರ. ಬೆಳಿಗ್ಗೆ 9 ಗಂಟೆ 22 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ15 ಮೇಲೇರಿತು. ಅದರ ಮುಖ್ಯ ಸವಾರಿ ಕಾರ್ಟೋಸ್ಯಾಟ್-2ಬಿ. ಪಕ್ಕದಲ್ಲಿ ವಿದ್ಯಾರ್ಥಿಗಳ ಪೆಟ್ಟಿಗೆ. ರಾಕೆಟ್ ಏರಿದ್ದನ್ನು ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ತಟ್ಟುವುದು ಸುಲಭ. ಆದರೆ ಪೆಟ್ಟಿಗೆ ಬದುಕಿದೆಯೇ ಎಂದು ತಿಳಿಯಲು ಅದು ಭೂಮಿಯನ್ನು ಒಂದು ಸುತ್ತು ಹಾಕಿ ಬರುವವರೆಗೆ ಕಾಯಲೇಬೇಕು. ಬೇರೆ ದಾರಿಯಿಲ್ಲ. 11 ಗಂಟೆ 7 ನಿಮಿಷಕ್ಕೆ ಯಲಹಂಕದ ಕೇಂದ್ರಕ್ಕೆ ಮೊದಲ ಸಂಕೇತ ಬಂತು. ಉಡಾವಣೆಯಾಗಿ ಒಂದು ಗಂಟೆ ಮುಕ್ಕಾಲು ಗಂಟೆ. ಪರೀಕ್ಷೆಯ ಫಲಿತಾಂಶಕ್ಕೆ ಕಾದವರಿಗೆ, ಹೆರಿಗೆ ಕೋಣೆಯ ಹೊರಗೆ ಕುಳಿತವರಿಗೆ ಈ ಹೊತ್ತು ಎಷ್ಟು ಉದ್ದ ಎಂದು ಹೇಳಬೇಕಾಗಿಲ್ಲ.

ಈ ಕೇಂದ್ರದ ಒಳಗೆ ಇರುವುದೇನು? ಮಾಡಿನ ಮೇಲೆ ಕಡ್ಡಿಗಳ ಆಂಟೆನಾ. ನಾವು ದೂರದರ್ಶನಕ್ಕೆ ಕಟ್ಟುತ್ತಿದ್ದ ಜಾತಿಯದೇ. ಜಪಾನಿನ ಯಾಗಿ ಮತ್ತು ಉಡಾ 1926ರಲ್ಲಿ ಲೋಕಕ್ಕೆ ಕೊಟ್ಟದ್ದು. ಅದನ್ನು ಅಡ್ಡಕ್ಕೂ ಮೇಲಕ್ಕೂ ತಿರುಗಿಸಲು ಎರಡು ಮೋಟಾರು. ಕ್ಷೀಣ ಸದ್ದನ್ನು ಹಿಗ್ಗಿಸುವ ಪುಟ್ಟ ಪೆಟ್ಟಿಗೆ. ರಿಸೀವರ್, ಪ್ರೇಷಕ, ಒಂದು ಕಂಪ್ಯೂಟರ್. ಉಪಗ್ರಹದ ಹಾದಿಯನ್ನು ಎರಡು ಸಾಲು ಅಂಕಿಗಳಲ್ಲಿ ಬರೆದಿಟ್ಟಿರುತ್ತಾರೆ. ಕಂಪ್ಯೂಟರ್ ಆ ಎರಡು ಸಾಲನ್ನು ಓದಿ ಈ ಕ್ಷಣದಲ್ಲಿ ಆಂಟೆನಾ ಎತ್ತ ನೋಡಬೇಕೆಂದು ಮೋಟಾರುಗಳಿಗೆ ಹೇಳುತ್ತದೆ.

630 ಕಿ.ಮೀ. ಎತ್ತರದ ಉಪಗ್ರಹ ದಿಗಂತದಲ್ಲಿ ಮೂಡುವಾಗ ನಮ್ಮಿಂದ ಸುಮಾರು 2,900 ಕಿ.ಮೀ. ದೂರವಿರುತ್ತದೆ. ನೆತ್ತಿಗೆ ಬಂದಾಗ ಬರೀ 630. ಹಾಗಾಗಿ ನೆತ್ತಿಯ ಮೇಲಿದ್ದಾಗ ಅದರ ಸದ್ದು ದಿಗಂತದಲ್ಲಿದ್ದಾಗಿನದಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಬಲವಾಗಿ ಬರುತ್ತದೆ. ಇಂಥ ಪುಟ್ಟ ಉಪಗ್ರಹದ ಪ್ರೇಷಕದ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಆಸುಪಾಸು, ಅಂದರೆ ಒಂದು ಟಾರ್ಚಿನ ಬಲ್ಬಿನಷ್ಟು. ಅದನ್ನು ಅಷ್ಟು ದೂರದಿಂದ ಹಿಡಿಯಬೇಕು. ಜೊತೆಗೆ ಡಾಪ್ಲರ್ ಪರಿಣಾಮದಿಂದ ರೇಡಿಯೋ ಸ್ಥಾನವೂ ಸರಿಯುತ್ತಿರುತ್ತದೆ. 437 ಮೆಗಾಹರ್ಟ್ಸ್‌ನಲ್ಲಿ ಹತ್ತು ಕಿಲೋಹರ್ಟ್ಸ್ ಮೇಲೆ, ಹತ್ತು ಕೆಳಗೆ. ಬೆಳಿಗ್ಗೆ ಒಂದೆರಡು ಸಲ, ರಾತ್ರಿ ಒಂದೆರಡು ಸಲ ಉಪಗ್ರಹ ಬಂದು ಹೋಗುತ್ತದೆ. ಎಲ್ಲ ಸೇರಿ ದಿನಕ್ಕೆ ಅರ್ಧ ಮುಕ್ಕಾಲು ಗಂಟೆ. ಹೇಳುವುದನ್ನೆಲ್ಲ ಅಷ್ಟರಲ್ಲೇ ಹೇಳಿ, ಕೇಳುವುದನ್ನೆಲ್ಲ ಅಷ್ಟರಲ್ಲೇ ಕೇಳಿ ಮುಗಿಸಬೇಕು.

ಇಲ್ಲಿ ಒಂದು ಮಾತು. ಆಂಟೆನಾ ಅಡ್ಡಕ್ಕೆ ತಿರುಗುವ ಕೋನವನ್ನು ಈ ಕೇಂದ್ರಗಳಲ್ಲಿ 'ಅಜಿಮತ್' ಎನ್ನುತ್ತಾರೆ. ಇಂಗ್ಲಿಷಿನದೆಂದು ನಾವು ತಿಳಿದ ಈ ಪದ ಅರಬಿಯ 'ಅಸ್ಸುಮೂತ್' ಎಂಬುದರಿಂದ ಬಂದದ್ದು. ಅರ್ಥ, ದಿಕ್ಕುಗಳು. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ದಿಕ್ಕಿಗೆ 'ಸಿಮ್ತ್' ಎನ್ನುವುದು ಅದೇ ಪದ. ನೆತ್ತಿಯ ಬಿಂದುವಿಗೆ ಹೇಳುವ 'ಜೆನಿತ್' ಕೂಡ 'ಸಮ್ತ್ ಅರ್ರಾಸ್', ಅಂದರೆ ತಲೆಯ ದಿಕ್ಕು, ಎಂಬುದರಿಂದ ಹುಟ್ಟಿದ್ದು. ಉಪಗ್ರಹ ಎಷ್ಟು ದೂರದವರೆಗೆ ಕಾಣುತ್ತದೆಂದು ಲೆಕ್ಕ ಹಾಕುವ ತ್ರಿಕೋನಕ್ಕೂ ಒಂದು ಹಳೆಯ ಕತೆಯಿದೆ. ಹನ್ನೊಂದನೇ ಶತಮಾನದ ಆರಂಭದಲ್ಲಿ ಅಲ್ ಬಿರೂನಿ ಪಂಜಾಬಿನ ನಂದನಾ ಕೋಟೆಯ ಬಳಿ ಬೆಟ್ಟ ಹತ್ತಿ ನಿಂತು, ದಿಗಂತ ಎಷ್ಟು ಕೆಳಗೆ ಬಾಗಿ ಕಾಣುತ್ತದೆಂದು ಅಳೆದರು. ಬೆಟ್ಟದ ಎತ್ತರ ಮತ್ತು ಆ ಕೋನ, ಇವೆರಡರಿಂದಲೇ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಬೆಟ್ಟದ ಜಾಗದಲ್ಲಿ ಉಪಗ್ರಹವನ್ನಿಟ್ಟರೆ ಅದೇ ತ್ರಿಕೋನ ಇಂದಿನ ಭೂಕೇಂದ್ರದ ಲೆಕ್ಕ. ಸಂಸ್ಕೃತ ಕಲಿತ ಆ ವಿದ್ವಾಂಸರು ಭಾರತದ ಬಗ್ಗೆ ಬರೆದ ಗ್ರಂಥದಲ್ಲಿ ಆರ್ಯಭಟನ ಮಾತುಗಳನ್ನೂ ಚರ್ಚಿಸಿದ್ದಾರೆ. ವಿದ್ಯೆಗೆ ಒಂದೇ ಮನೆತನ, ಒಂದೇ ಭಾಷೆ ಎಂಬುದು ಎಂದೂ ಇರಲಿಲ್ಲ. ಇದನ್ನು ಹೆಮ್ಮೆಪಡಲು ಮಾತ್ರ ಹೇಳಿ ಸುಮ್ಮನಾದರೆ ಪ್ರಯೋಜನವಿಲ್ಲ. ಅವರು ಬೆಟ್ಟ ಹತ್ತಿದರು; ನಾವು ಮಾಡು ಹತ್ತಿದ್ದೇವೆಯೇ ಎಂಬುದು ಪ್ರಶ್ನೆ.

ಸ್ಟಡ್‌ಸ್ಯಾಟ್ ನಂತರ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯ ಪಿಸ್ಯಾಟ್ ಎಂಬ ಐದು ಕಿಲೋ ಚಿಲ್ಲರೆ ತೂಕದ ಉಪಗ್ರಹವನ್ನು ಕಟ್ಟಿತು. 2016ರ ಸೆಪ್ಟೆಂಬರ್ 26ರಂದು ಪಿಎಸ್‌ಎಲ್‌ವಿ-ಸಿ35 ಅದನ್ನು ಕಕ್ಷೆಗೆ ಒಯ್ದಿತು. ಅದರ ಜೊತೆ ಮಾತಾಡುವ ಭೂಕೇಂದ್ರವೂ ವಿಶ್ವವಿದ್ಯಾಲಯದ ಆವರಣದಲ್ಲೇ ಇತ್ತು. ಅದೇ ರಾಕೆಟ್ಟಿನಲ್ಲಿ ಮುಂಬೈ ಐಐಟಿಯ 'ಪ್ರಥಮ್' ಕೂಡ ಹೋಯಿತು. ಅದನ್ನು ಕಟ್ಟಿದ ವಿದ್ಯಾರ್ಥಿಗಳು ತಮ್ಮಲ್ಲಿ ಒಂದು ಕೇಂದ್ರ ಮಾಡಿ ಸುಮ್ಮನಾಗದೆ, ಬೇರೆ ಬೇರೆ ಕಾಲೇಜುಗಳೂ ಸರಳ ಭೂಕೇಂದ್ರ ಕಟ್ಟಿ ಅದರ ಸಂಕೇತ ಅಳೆಯಲಿ ಎಂದು ಯೋಜಿಸಿದ್ದರು. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60ರ ಕೊನೆಯ ಹಂತದಲ್ಲಿ ಬೆಂಗಳೂರಿನ ಆರ್.ವಿ. ಕಾಲೇಜಿನ ಜೀವಾಣು ಪ್ರಯೋಗವೊಂದಿತ್ತು. ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಕಾಲೇಜಿನ ಹ್ಯಾಮ್ ರೇಡಿಯೋ ಉಪಕರಣವೂ ಇತ್ತು. ಈ ಕೊನೆಯದು ಗಮನಿಸಬೇಕಾದ ಸಂಗತಿ. ಬೆಂಗಳೂರಿನ ಹೊರಗಿನ ಜಿಲ್ಲಾ ಕೇಂದ್ರವೊಂದರ ಕಾಲೇಜು ಆಕಾಶದಿಂದ ಹವ್ಯಾಸಿಗಳಿಗೆ ಸಂದೇಶ ಕಳಿಸುವ ಪೆಟ್ಟಿಗೆ ಮಾಡಿತು. ಚಿಕ್ಕಬಳ್ಳಾಪುರದಿಂದ ಆಗುವುದು ಚನ್ನಪಟ್ಟಣದಿಂದ ಏಕೆ ಆಗದು?

ಒಪ್ಪಿಕೊಳ್ಳಬೇಕಾದ ಕಹಿಯೂ ಇದೆ. ಪುಟ್ಟ ಉಪಗ್ರಹದ ಆಯುಷ್ಯ ಕಡಿಮೆ. ಕಟ್ಟಿದ ವಿದ್ಯಾರ್ಥಿ ನಾಲ್ಕು ವರ್ಷಕ್ಕೆ ಪದವಿ ಪಡೆದು ಕೆಲಸಕ್ಕೋ ವಿದೇಶಕ್ಕೋ ಹೋಗುತ್ತಾನೆ. ಮುಂದಿನವರಿಗೆ ಕಲಿಸದೆ ಹೋದರೆ ಆಂಟೆನಾದ ಮೋಟಾರು ತುಕ್ಕು ಹಿಡಿಯುತ್ತದೆ, ಕೋಣೆಗೆ ಬೀಗ ಬೀಳುತ್ತದೆ. ಉದ್ಘಾಟನೆಯ ಫಲಕ ಮಾತ್ರ ಹೊಳೆಯುತ್ತಿರುತ್ತದೆ. ಇದು ಒಂದು ಕಾಲೇಜಿನ ದೋಷವಲ್ಲ, ಉಪಗ್ರಹವನ್ನು ಹಬ್ಬದಂತೆ ಆಚರಿಸಿ ಭೂಕೇಂದ್ರವನ್ನು ಮರೆಯುವ ನಮ್ಮೆಲ್ಲರ ಅಭ್ಯಾಸ. ಉಪಗ್ರಹ ಒಂದು ಕಾಲೇಜಿನದು. ಭೂಕೇಂದ್ರಕ್ಕಾದರೋ ಆಕಾಶದಲ್ಲಿ ಹೋಗುವ ನೂರಾರು ಉಪಗ್ರಹಗಳನ್ನು ಕೇಳುವ ಕಿವಿಯಿದೆ. ಒಂದು ಮೌನವಾದರೆ ಇನ್ನೊಂದನ್ನು ಹಿಡಿಯಬಹುದು. ಕೆಟರಿಂಗ್ ಶಾಲೆಯವರು ಒಂದು ಉಪಗ್ರಹವನ್ನೂ ಹಾರಿಸಿರಲಿಲ್ಲ.

ಅಮೆರಿಕದ ನೋವಾ ಹವಾಮಾನ ಉಪಗ್ರಹಗಳ ಚಿತ್ರವನ್ನು ದಶಕಗಳ ಕಾಲ ಜಗತ್ತಿನ ವಿದ್ಯಾರ್ಥಿಗಳು ಮನೆಯಲ್ಲಿ ಮಾಡಿದ ಆಂಟೆನಾದಿಂದ ಹಿಡಿಯುತ್ತಿದ್ದರು. ಆ ಸರಣಿಯ ಕೊನೆಯವು 2025ರಲ್ಲಿ ನಿಂತವು. ಆದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೋವನ್ನು, ಅನೇಕ ದೇಶಗಳ ವಿದ್ಯಾರ್ಥಿ ಉಪಗ್ರಹಗಳನ್ನು ಈಗಲೂ ಕೇಳಬಹುದು. ಹಿಂದೆ ದುಬಾರಿಯಾಗಿದ್ದ ರಿಸೀವರ್ ಇಂದು ಕಂಪ್ಯೂಟರಿಗೆ ಸಿಕ್ಕಿಸುವ, ಕೆಲವು ಸಾವಿರ ರೂಪಾಯಿಯ ಬೆರಳುದ್ದದ ಉಪಕರಣ. ಗ್ರೀಸಿನ ಅಥೆನ್ಸಿನ ತರುಣರು 2014ರಲ್ಲಿ ಶುರುಮಾಡಿದ 'ಸ್ಯಾಟ್‌ನಾಗ್ಸ್' ಎಂಬ ಜಾಲದಲ್ಲಿ ಬೇರೆ ಬೇರೆ ದೇಶಗಳ ಇಂಥ ಪುಟ್ಟ ಕೇಂದ್ರಗಳು ತಾವು ಕೇಳಿದ್ದನ್ನು ಹಂಚಿಕೊಳ್ಳುತ್ತವೆ. ಮೇಲಕ್ಕೆ ಮಾತು ಕಳಿಸಬೇಕಾದರೆ ಹ್ಯಾಮ್ ಪರವಾನಗಿ ಬೇಕು. ಅದರ ಪರೀಕ್ಷೆಗೆ ಹನ್ನೆರಡು ವರ್ಷ ತುಂಬಿದ ಮಕ್ಕಳೂ ಕೂರಬಹುದು.

ಇನ್ನು ಅಕ್ಕೂರಿನ ಮಾತು. ರಾಮನಗರ, ಚನ್ನಪಟ್ಟಣ ಸೀಮೆಯ ಈ ಊರಿಗೂ ಯಲಹಂಕಕ್ಕೂ ನೇರ ದೂರ ನೂರು ಕಿ.ಮೀ. ಕೂಡ ಇಲ್ಲ. ಉಪಗ್ರಹದ ಕಣ್ಣಿಗೆ ಇದು ಲೆಕ್ಕಕ್ಕೇ ಇಲ್ಲದ ಅಂತರ. 630 ಕಿ.ಮೀ. ಎತ್ತರದಿಂದ ಅದಕ್ಕೆ ಸುತ್ತ 2,700 ಕಿ.ಮೀ.ವರೆಗಿನ ನೆಲ ಕಾಣುತ್ತದೆ. ಅಂದರೆ ಕಾಶ್ಮೀರದ ಮೇಲಿದ್ದಾಗಲೇ ಅದು ಅಕ್ಕೂರಿನ ದಿಗಂತದಲ್ಲಿ ಮೂಡಿರುತ್ತದೆ. ಯಲಹಂಕದ ಎಂಜಿನಿಯರಿಂಗ್ ಕಾಲೇಜಿಗೆ ಎಷ್ಟು ಹೊತ್ತು ಸಿಗುತ್ತದೋ ಅಕ್ಕೂರಿನ ಶಾಲೆಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ರಸ್ತೆ, ಬಸ್ಸು, ಆಸ್ಪತ್ರೆ, ಕಾಲೇಜು ಎಲ್ಲದರಲ್ಲೂ ನಗರಕ್ಕೂ ಹಳ್ಳಿಗೂ ತಾರತಮ್ಯವಿದೆ. ಆಕಾಶದಲ್ಲಿ ಇಲ್ಲ. ಅಷ್ಟೇ ಅಲ್ಲ, ನಗರದ ರೇಡಿಯೋ ಗದ್ದಲವಿಲ್ಲದ ಹಳ್ಳಿಯಲ್ಲಿ ಕ್ಷೀಣ ಸಂಕೇತ ಇನ್ನೂ ಚೆನ್ನಾಗಿ ಕೇಳುತ್ತದೆ.

ಕೈಗಳಿಗೂ ಕೊರತೆಯಿಲ್ಲ. ಚನ್ನಪಟ್ಟಣದ ಬೊಂಬೆ ಕೆಲಸದವರು ಆಲೆ ಮರವನ್ನು ಕೂದಲೆಳೆಯಷ್ಟು ಅಳತೆಗೆ ತರಬಲ್ಲವರು. ಯಾಗಿ ಆಂಟೆನಾ ಎಂದರೆ ಒಂದು ಮರದ ಕೋಲಿನಲ್ಲಿ ಲೆಕ್ಕದ ಅಂತರಕ್ಕೆ ತೂತು ಕೊರೆದು, ಲೆಕ್ಕದ ಉದ್ದಕ್ಕೆ ಕತ್ತರಿಸಿದ ಕಡ್ಡಿಗಳನ್ನು ತೂರಿಸುವುದು. ರೇಷ್ಮೆಗೂಡು ಬಿಚ್ಚುವ ಮನೆಗಳಲ್ಲಿ ಕಣ್ಣಿಗೆ ಕಾಣದ ಎಳೆಯನ್ನು ಕುದಿಯುವ ನೀರಿನಿಂದ ಹುಡುಕಿ ಹಿಡಿಯುವ ಹೆಂಗಸರಿದ್ದಾರೆ. ಅವರ ಮಗಳಿಗೆ ಗದ್ದಲದ ನಡುವೆ ಒಂದು ಸದ್ದಿನ ಎಳೆ ಹಿಡಿಯುವುದನ್ನು ಕಲಿಸಲು ಕಷ್ಟವೇ? ಅವಳು ಕನ್ನಡ ಶಾಲೆಯವಳಾಗಲಿ, ಉರ್ದು ಶಾಲೆಯವಳಾಗಲಿ, ಮೋರ್ಸ್ ಸಂಕೇತಕ್ಕೆ ಅದರ ಹಂಗಿಲ್ಲ.

ಬೇಕಾಗಿರುವುದು ಸಂಜೆ ಶಾಲೆಯ ಬೀಗದ ಕೈಯನ್ನು ಕೊಡುವ ಒಬ್ಬ ಹೆಡ್‌ಮಾಸ್ಟರು, ರಾತ್ರಿ ಹತ್ತಕ್ಕೆ ಮಕ್ಕಳ ಜೊತೆ ಮಾಡಿನ ಮೇಲೆ ನಿಲ್ಲುವ ಒಬ್ಬ ವಿಜ್ಞಾನದ ಮೇಷ್ಟ್ರು, ಹೆಣ್ಣುಮಕ್ಕಳನ್ನೂ ಕಳಿಸುವ ತಂದೆ ತಾಯಿ. ಒಂದು ತಂಡ ಹತ್ತನೇ ತರಗತಿ ಮುಗಿಸಿ ಹೋಗುವ ಮೊದಲು ಎಂಟನೆಯವರಿಗೆ ಕಲಿಸಿ ಹೋಗಬೇಕೆಂಬ ಒಂದು ಕಟ್ಟುಪಾಡು. ಆಮೇಲೆ ಮಾಡಿನ ಮೇಲಿಂದ ಹಳೆಯ ಕೂಗು ಮತ್ತೆ ಕೇಳಬಹುದು: "ಬಂತಾ?" ಕೆಳಗಿನಿಂದ ಒಬ್ಬಳು ಉತ್ತರಿಸುತ್ತಾಳೆ: "ಬಂತು, ಬಂತು... ಸ್ವಲ್ಪ ಎಡಕ್ಕೆ."